ಆರು ಗ್ರಾಂ

ಟಮಕದ ಆಸ್ಪತ್ರೆ, ಏಳೂವರೆ. ಖಾಲಿ ಹೊಟ್ಟೆ.
ಪಿಳ್ಳಮ್ಮನ ಮೊಣಕೈ ಮಡಿಕೆಯಲ್ಲಿ ಸೂಜಿ ಕೂತಿದೆ,
ಮೊದಲ ಕೊಳವೆ ಐಸಿನೊಳಗೆ ಇಳಿದಿದೆ.
ತಕ್ಕಡಿಯ ಮೇಲೆ ಮುದ್ದೆ: ಇನ್ನೂರೈವತ್ತು ಗ್ರಾಂ.
ಆರು ಹೆಚ್ಚಾಯಿತೆಂದು ನಾನು ಚಿವುಟಿದಾಗ ನಕ್ಕಳು,
"ಚಿನ್ನ ತೂಗ್ದಂಗ್ ತೂಗ್ತೀಯಲ್ಲಪ್ಪಾ!"

ಹತ್ತು ನಿಮಿಷದಲ್ಲಿ ಮುಗಿಸಬೇಕೆಂಬುದು ನಿಯಮ.
ಅವಳಿಗೆ ನಾಲ್ಕೇ ಆಯಿತು, ಬಸ್ಸಾರಿನ ಬಟ್ಟಲನ್ನೂ
ಬೆರಳಿನಿಂದ ಬಳಿದಳು.

ಹದಿನೈದು. ಮೂವತ್ತು. ಅರವತ್ತು.
ಉಂಡದ್ದಕ್ಕೆ ಕರುಳು ಮೆದುಳಿಗೊಂದು ಚೀಟಿ ಬರೆಯುತ್ತದೆ,
ರಕ್ತದಲ್ಲೇ ಕಳಿಸುತ್ತದೆ, ದಾರಿಯಲ್ಲೇ ಅಳಿಸಿಹೋಗುತ್ತದೆ,
ಅದಕ್ಕೇ ಐಸು, ಅದಕ್ಕೇ ನನ್ನ ಈ ಓಟ ಎಂದೆ.
"ಏನಂತ ಬರೀತದೆ?"
"ಸಾಕು ಅಂತ."

ಸುಮ್ಮನಾದಳು. ಆಮೇಲೆ, ಕಿಟಕಿಯ ಕಡೆ ನೋಡುತ್ತಾ:
"ಮನೇಲಿ ಏಳು ಜನ. ಕೊನೇ ಮುದ್ದೆ ನಂದು.
ಯಾರಾನಾ ಇನ್ನೊಂದು ತುತ್ತು ಅಂದ್ರೆ
ನಂಗೆ ಸಾಕು ಅಂತಿದ್ದೆ.
ಆ ಸಾಕು ಎಲ್ಲಿಂದ ಬರ್ತಿತ್ತೋ."

ಅದಕ್ಕೆ ನಮ್ಮಲ್ಲಿ ಕೊಳವೆಯಿಲ್ಲ.

ನೂರಿಪ್ಪತ್ತು. ಕೊನೆಯದು.
ಮುಚ್ಚಳದ ಮೇಲೆ ಹೆಸರಿಲ್ಲ, ಬರೀ ಮೂವತ್ತೊಂದು.
ಹತ್ತಿ ಒತ್ತಿಕೊಂಡು ಎದ್ದವಳು
ಚಪ್ಪಲಿ ಮೆಟ್ಟುತ್ತಾ ಬಾಗಿಲಲ್ಲಿ ತಿರುಗಿ
ಆಗ ಚಿವುಟಿದ್ದು ಯಾರು ತಿಂದರು ಎಂದು ಕೇಳಿದಳು.