ಮೂರನೇ ಬ್ಲೋವರ್ ನಿಂತ ರಾತ್ರಿ

ಊರಿಗೆ ಫೋನು ಮಾಡಿದಾಗ ‘ನೀರಿನ ಕಂಪನಿ’ ಎನ್ನುತ್ತೇನೆ.
ಸುಳ್ಳೇನಲ್ಲ. ಸೊಹಾರಿನ ಅಷ್ಟೂ ಮನೆಗಳ
ಬಚ್ಚಲು, ಪಾಯಿಖಾನೆ, ಬಿರಿಯಾನಿ ಪಾತ್ರೆಯ ಜಿಡ್ಡು,
ಮಸೀದಿಯ ನಲ್ಲಿಯಲ್ಲಿ ಐದು ಹೊತ್ತು ಕಾಲು ತೊಳೆದದ್ದು,
ಎಲ್ಲ ಬಂದು ಸೇರುವುದು ನನ್ನ ಕೈಕೆಳಗೇ.
ಅದೂ ನೀರೇ. ತುಸು ಅನುಭವಸ್ಥ ನೀರು.

ಹಳದಿ ಟ್ಯಾಂಕರುಗಳು ಗೇಟಿನಾಚೆ ಸಾಲುಗಟ್ಟಿವೆ.
ಮೊಫಿಜುಲ್ ಒಂದು ಕೈಯಲ್ಲಿ ಚೀಟಿ ಚಾಚುತ್ತಾನೆ,
ಇನ್ನೊಂದರಲ್ಲಿ ಅರ್ಧ ತಿಂದ ಪರೋಟ.
ಇಲ್ಲಿ ಮೂಗು ಮೊದಲ ತಿಂಗಳಿಗೇ ರಾಜೀನಾಮೆ ಕೊಡುತ್ತದೆ.

ಈ ನೀರು ಸಮುದ್ರದ್ದು,
ಗ್ಯಾಸು ಉರಿಸಿ ಉಪ್ಪು ಬಿಡಿಸಿದ್ದು.
ನನ್ನ ಹತ್ತಿರ ಬರುವಷ್ಟರಲ್ಲಿ ಒಮ್ಮೆ ಬೆಂಕಿ ಕಂಡಿದೆ;
ನಾನು ಮತ್ತೊಮ್ಮೆ ತೋರಿಸುತ್ತೇನೆ.
ತೊಟ್ಟಿಯಲ್ಲಿ ಕಣ್ಣಿಗೆ ಕಾಣದ ಸಂಸಾರವೊಂದಿದೆ, ಕೋಟಿ ಕೋಟಿ ಬಾಯಿ.
ಹೊಲಸು ತಿಂದು ಅರಗಿಸಲು ಅವಕ್ಕೆ ಗಾಳಿ ಬೇಕು.
ಗಾಳಿ ಊದಲು ಮೂರು ಬ್ಲೋವರ್. ಬ್ಲೋವರಿಗೆ ಕರೆಂಟು.
ಕರೆಂಟಿಗೆ ದೂರದಲ್ಲೆಲ್ಲೋ ಒಂದು ಚಿಮಣಿ.
ಹನ್ನೊಂದು ವರ್ಷ ನನ್ನ ಯೋಚನೆ ಬ್ಲೋವರಿನ ತನಕ ಹೋಗಿ
ವಾಪಸು ಬರುತ್ತಿತ್ತು.

ಹೊಸ ಇಂಜಿನಿಯರು, ಥುರಯ್ಯಾ. ಅಂದರೆ ಕೃತ್ತಿಕೆಯಂತೆ, ನಕ್ಷತ್ರ.
ತೊಟ್ಟಿಯ ಮೇಲೊಂದು ಯಂತ್ರದ ಮೂಗು ತೂಗುಹಾಕಿ
ತನ್ನ ಮುರುಕು ಹಿಂದಿಯಲ್ಲಿ ಹೇಳಿದಳು:
ಚಾಚಾ, ಮೇಲೇಳುವುದು ಬರೀ ನಾತವಲ್ಲ.
ಹಲ್ಲು ಕೀಳುವ ಡಾಕ್ಟರು ಮೂಸಿಸಿ ನಗಿಸುತ್ತಾರಲ್ಲ, ಆ ಗಾಳಿಯೂ ಇದೆ.
ಇಂಗಾಲದ ಗಾಳಿಗಿಂತ ಇನ್ನೂರು ಮುನ್ನೂರು ಪಟ್ಟು ಕಾವು ಹಿಡಿಯುತ್ತದೆ.
ನಾನು ನಗಲಿಲ್ಲ.
ಇಷ್ಟು ವರ್ಷ ನನ್ನ ಪಾಳಿಯಲ್ಲಿ, ನನ್ನ ತಲೆಯ ಮೇಲೆ,
ಯಾರೋ ನಗುತ್ತಿದ್ದರೇ?

ಗಾಳಿ ಹೆಚ್ಚಾದರೆ ಕರೆಂಟು ದಂಡ.
ತೀರಾ ಕಡಿಮೆಯಾದರೆ ಅರೆಹೊಟ್ಟೆಯ ಜೀವಗಳು
ಆ ನಗೆಯನ್ನೇ ಕಾರುತ್ತವೆ.
ಅಮ್ಮ ನೀರುದೋಸೆಯ ಕಾವಲಿಗೆ ಉರಿ ಹಿಡಿಯುತ್ತಿದ್ದಳು:
ಒಂದು ಕೊಳ್ಳಿ ಒಳಗೆ, ಒಂದು ಅರ್ಧ ಹೊರಗೆ,
ಕಣ್ಣು ಮಾತ್ರ ಹಿಟ್ಟಿನ ಮೇಲೆ.
ಆ ಲೆಕ್ಕ ಯಾವ ಮ್ಯಾನ್ಯುಯಲ್ಲಿನಲ್ಲೂ ಇಲ್ಲ.

ಆಗಸ್ಟ್. ರಾತ್ರಿ ಒಂದು ನಲವತ್ತು. ಕನ್ನಡಕದ ಮೇಲೆ ಬೆವರಿನ ಹಬೆ.
ಊರು ಮಲಗಿದೆ, ಒಳಹರಿವು ಸಣ್ಣಗಾಗಿದೆ.
ಅಮೋನಿಯ ಏರಿದರೆ ಮೆಮೋದಲ್ಲಿ ನನ್ನ ಹೆಸರು.
ಹೊಗೆ ಇಳಿದರೆ ಯಾರ ಹೆಸರೂ ಇಲ್ಲ.
ಬೆರಳು ಗುಂಡಿಯ ಮೇಲೆ ನಿಂತೇ ಇತ್ತು, ಎಷ್ಟೋ ಹೊತ್ತು.

ಒತ್ತಿದೆ.

ಮೂರನೆಯದು ತಿರುಗಿ, ತೇಕಿ, ಗಂಟಲು ಕೆರೆದುಕೊಂಡು
ಸುಮ್ಮನಾಯಿತು.
ಪಕ್ಕದ ಕ್ಯಾಂಪಿನಲ್ಲಿ ಒಂದು ದೀಪ ಹೊತ್ತಿತು. ಮತ್ತೆ ನಾಲ್ಕು.
ಅಡುಗೆಯ ಸಯ್ಯದಾಲಿ ಲುಂಗಿಯಲ್ಲೇ ಓಡಿ ಬಂದ:
ಏನಾಯ್ತು? ಏನು ನಿಂತಿತು?
ಸದ್ದನ್ನೇ ಹೊದ್ದು ಮಲಗುತ್ತಿದ್ದವರು
ಹೊದಿಕೆ ಎಳೆದಂತೆ ಎದ್ದು ಕೂತಿದ್ದರು.
ಏನಿಲ್ಲ, ಮಲಗು, ಎಂದೆ.
ಅವನು ಮಲಗದೆ ಸುಲೈಮಾನಿ ಮಾಡಿ ತಂದ.
ತೊಟ್ಟಿಯ ಕಂಬಿಗೆ ಒರಗಿ ಕುಡಿದೆವು.
ಅಲೆ ಕೇಳಿಸಿತು.
ಇಷ್ಟು ಹತ್ತಿರವಿತ್ತೇ ಸಮುದ್ರ, ಎಂದ ಅವನು.
ನನಗೂ ಗೊತ್ತಿರಲಿಲ್ಲ.

ಬೆಳಗಿನ ಬಾಂಗಿನ ಹೊತ್ತಿಗೆ ಸೀಸೆಯಲ್ಲಿ ನೀರು ಹಿಡಿದೆ.
ಅಮೋನಿಯ ಸೊನ್ನೆ ಪಾಯಿಂಟ್ ಎಂಟು. ಬಚಾವು.
ಯಂತ್ರದ ಮೂಗಿನ ಗೆರೆ ಸಪಾಟಾಗಿದೆ,
ಮೂರು ಗಂಟೆಗೊಮ್ಮೆ ಮಾತ್ರ ಬಿಕ್ಕಳಿಸಿದೆ.
ನಾಳೆ ಒಂದಿಷ್ಟು ಗಾಳಿ ಬೇಗ ಬಿಡಬೇಕು, ಅಥವಾ ತಡವಾಗಿ.
ನೋಡಬೇಕು.

ಲಾಗ್‌ಬುಕ್ಕು: ಬ್ಲೋವರ್ ಮೂರು, ಒಂದು ನಲವತ್ತರಿಂದ ಐದರ ತನಕ ಬಂದ್.
ಕಾರಣ ಎಂಬ ಖಾನೆಯಲ್ಲಿ ಏನು ಬರೆಯಲಿ?
ರಿಪೇರಿಯಲ್ಲ. ಕರೆಂಟು ಹೋದದ್ದೂ ಅಲ್ಲ.
ಇಂಗ್ಲಿಷು ತೋಚದೆ ಕನ್ನಡದಲ್ಲೇ ಗೀಚಿದೆ: ಸಾಕು.

ಏಳಕ್ಕೆ ಥುರಯ್ಯಾ ಬಂದು ಕೇಳುತ್ತಾಳೆ, ಇದು ಯಾವ ಕೋಡು ಎಂದು.
ಇಷ್ಟೇ ಎಂದು ಹೇಳಲೋ,
ಪೊರೆ ಎಂದು ಹೇಳಲೋ.