ಹದಿನಾಲ್ಕು ಸುತ್ತು

ನನ್ನ ಚಾವಿಗೆ ಯಾವ ಕೀಲಿಯೂ ಇಲ್ಲ.
ಎದೆಮಟ್ಟದ ಕಬ್ಬಿಣದ ಕೋಲು, ಮ್ಯಾಲೊಂದು ಅಡ್ಡಪಟ್ಟಿ,
ತಳಕ್ಕ ಚೌಕಬಾಯಿ. ನಸುಕಿನ ಮೂರಕ್ಕ
ಹೆಗಲ ಮ್ಯಾಲಿಟ್ಟು ಹೊಂಟರ
ರಾಯಚೂರಿನ ನಾಯಿ ಸುದ್ದಾ ಬೊಗಳೋದಿಲ್ಲ;
ಛೇಂಬರಿನ ಸೋರುನೀರಿಗೆ ಬೆನ್ನ ಹಿಂದ ಬರತಾವ.

ಹುಸೇನಪ್ಪ ಬಂದ ಅಂತ ಯಾರೂ ಅನ್ನೋದಿಲ್ಲ,
ನೀರು ಬಂತು ಅಂತಾರ.
ಬರದಿದ್ದ ದಿನ ಮಾತ್ರ ನನಗೊಂದು ಹೆಸರು,
ಆ ಹೆಸರಿನ ಹಿಂದ ನಮ್ಮವ್ವನದೂ.

ಈ ಕಡೆ ಕೃಷ್ಣಾ, ಆ ಕಡೆ ತುಂಗಭದ್ರಾ,
ನಡುವ ನಾವು, ನಾಲ್ಕು ದಿನಕ್ಕೊಮ್ಮೆ.

ಕುಂಬಾರೋಣಿಯ ವಾಲ್ವು ತೆರೀಲಿಕ್ಕೆ ಹದಿನಾಲ್ಕು ಸುತ್ತು.
ಮುಚ್ಚಲಿಕ್ಕೆ ಹದಿನಾರು.
ಸ್ಪಿಂಡಲ್ ಸವದೈತಿ. ಮೊದಲಿನ ಎರಡು
ಚಾವಿ ತಿರುಗತೈತಿ, ಒಳಗಿನ ಬಾಗಿಲು ಅಲಗೋದಿಲ್ಲ.
ಮೂರು ಅರ್ಜಿ ಕೊಟ್ಟೀನಿ.
ಮೊದಲನೇದು ಬರದಾಕಿ ನನ್ನ ಮಗಳು, ಆಗ ನಾಕನೇತ್ತ;
ಈಗ ಆಕಿ ಮಗ ಅಂಗನವಾಡಿಗೆ ಹೊಂಟಾನ.
ಅನುದಾನ ಬರಲಿ ಅಂದ್ರು ಇಂಜಿನಿಯರ್ ಸಾಹೇಬ್ರು.
ಅನುದಾನ ಬಂತು. ಡಿವೈಡರಿಗೆ ಬಣ್ಣ ಬಳದ್ರು.

ಈ ಸಲ ಮೀಸಲಾತಿ ಪಟ್ಟಿಯಾಗ
ವಾರ್ಡು ಹೆಂಗಸರಿಗೆ ಹೋತು.
ಗಣಪತಿ ಚಂದಾ, ಇಫ್ತಾರು, ಬೋರಿನ ರಿಪೇರಿ ಅಂತ
ಎರಡು ವರ್ಷ ರೊಕ್ಕ ಸುರದಿದ್ದ ಜಂಬಣ್ಣ ಸಾಹುಕಾರ
ರಾತ್ರಿ ನಿದ್ದಿ ಮಾಡಲಿಲ್ಲ.
ಮುಂಜಾನೆ ಎದ್ದು ಹೆಂಡತಿ ಫೋಟೊ ಹುಡುಕಿದ.
ಸಿಕ್ಕದ್ದು ಯಾರದೋ ಮದುವಿದು.
ಬ್ಯಾನರಿನ್ಯಾಗ ಶಿವಗಂಗಮ್ಮನ ಭುಜದ ಮ್ಯಾಲ
ಕತ್ತರಿಗೆ ಸಿಗದ ಒಂದು ಮುಂಗೈ,
ನಾಕು ಹಸಿರು ಬಳಿ.
ಸಾಹುಕಾರನ ಜೋಡಿಸಿದ ಕೈ ಮಾತ್ರ ಆಳುದ್ದ.

ಪ್ರಚಾರದ ಹದಿನೈದು ದಿನ ಆಫೀಸಿನಿಂದ ಫೋನು:
ದಿನ ಬಿಟ್ಟು ದಿನ ಬಿಡು, ಹುಸೇನಪ್ಪ.
ಹಂಗಾರ ನೀರಿತ್ತು. ಇಷ್ಟು ದಿನ ಎಲ್ಲಿತ್ತು?
ನಾ ಕೇಳಲಿಲ್ಲ. ಗುತ್ತಿಗೆ ಆಳು ಕೇಳಬಾರದು,
ಮೂರು ತಿಂಗಳ ಪಗಾರ ಬಾಕಿ ಇದ್ದಾಗಂತೂ.

ಗೆದ್ದದ್ದು ಅರವತ್ತೆರಡು ಓಟಿಲೆ.
ಗುಲಾಲು ಆರೋದ್ರಾಗ ಮಷಿನ್ ಮಷಿನಿನ ಲೆಕ್ಕ ಸಾಹುಕಾರನ ಕೈಯಾಗ;
ಕುಂಬಾರೋಣಿಯ ಮಷಿನು: ಮೂವತ್ತೊಂದು.
ಚಹಾ ಕೊಡಿಸಿ ಹೆಗಲ ಮ್ಯಾಲ ಕೈ ಇಟ್ಟ.
“ಆ ಓಣಿಗೆ ಎರಡು ಸುತ್ತು ಕಡಿಮಿ ಮಾಡು.
ಪೂರಾ ಬಂದ್ ಬ್ಯಾಡ.
ನಾವೇನು ಪಾಪಿಗಳಲ್ಲ.”

ನೋಡಲಿಕ್ಕೆ ಒಬ್ಬ ಹುಡುಗನ್ನ ಕಳಿಸಿದ,
ಮೊಬೈಲಿನ ಬ್ಯಾಟರಿ ಹಚಗೊಂಡು.
ತಿರುವಿದೆ. ಒಂದು.
ಎರಡು.
ಹುಡುಗ ವಿಡಿಯೋ ತಗೊಂಡ.
ಓಣಿಯಾಗ ಪದ್ದಮ್ಮನ ಕೊಡ
ದಿನದಂಗೇ ದನಿ ಸಣ್ಣಗ ಮಾಡಿಕೋತ ತುಂಬಿತು.
ಅರ್ಜಿ ಹರದು ಒಗದವರು ಯಾರೋ,
ಅವರ ಮಕ್ಕಳು ಚೆಂದಾಗಿರಲಿ ಅಂದೆ.

ನಾಕು ಸರತಿ ಹಂಗೇ ನಡೀತು.

ಐದನೇ ವಾರ ಶಿವಗಂಗಮ್ಮ ನಗರಸಭಿಗೆ ಬಂದ್ಲು.
ಸಾಹುಕಾರ ಕೋರ್ಟಿನ ಕೆಲಸಕ್ಕ ಹೋಗಿದ್ದ.
ಹಾಜರಿ ಹಚ್ಚಾಕ ನಿಂತಿದ್ದ ನನ್ನ ನೋಡಿ
“ನಿಮ್ಮ ಕೆಲಸಕ್ಕ ಏನು ಬೇಕಣ್ಣ?” ಅಂದ್ಲು.
ಇಷ್ಟು ವರ್ಷದಾಗ ಯಾರೂ ಕೇಳಿದ್ದಿಲ್ಲ.
ರೂಢಿ ಬಿದ್ದ ಬಾಯಿ, ನನ್ನ ಕೇಳಲಿಲ್ಲ,
ತಾನೇ ಅಂದುಬಿಡ್ತು:
ಸ್ಪಿಂಡಲ್.

ಆಕಿ ಅದನ್ನ ಎರಡು ಸಲ ಅಂದು ಕಲತುಕೊಂಡ್ಲು.
ಗಂಡನ ಕೇಳದ ಹಾಕಿದ ಮೊದಲ ಸಹಿ ಅಂತ, ಅದು.
ಬರೆದು ಮುಗಿಸೋತನಕ ನಾಲಿಗಿ ಹಲ್ಲಿನ ನಡುವ ಹಿಡದಿದ್ಲು.

ಎಂಟು ದಿನದಾಗ ಹೊಸ ವಾಲ್ವು ಬಂತು.
ನೀಲಿ ಬಣ್ಣ, ಬೆರಳಿಗೆ ಗ್ರೀಸು ಹತ್ತತೈತಿ.
ಒಂದು ಸುತ್ತೂ ಖಾಲಿ ಹೋಗೋದಿಲ್ಲ.

ಈಗ ಮೂರು ಹೊಡದೈತಿ.
ಹುಡುಗ ಫೋನು ಎತ್ತಿ ನಿಂತಾನ.
ಪದ್ದಮ್ಮ ಕೊಡ ಸಾಲಿಗಿಟ್ಟು, ಸೆರಗಿನಿಂದ
ನಳದ ಬಾಯಿ ಒರಸಾಕತ್ತಾಳ.
ಚಾವಿ ಇಳಿಸೀನಿ.
ಹಿಡದೈತಿ.