ಸ್ವಿಚ್ಚಿನ ಸುತ್ತ

ಮಶಾಕಣ್ಣನ ಶೇಡ್ ಕಾರ್ಡಿನಾಗ
ಕಂಪನಿಯವರು ಇಟ್ಟ ಹೆಸರು ಒಂದೂ ಉಳಿದಿಲ್ಲ.
ಅವಗ ಇದು ಹಾಲಿನ ಕೆನಿ, ಇದು ಜ್ವಾಳದ ಹಿಟ್ಟು,
ಇದು ತೊಳೆದಿಟ್ಟ ತೊಗರಿಬ್ಯಾಳಿ.
ಕೊನೀ ಹಾಳಿ ತಿರುವಿ ನಾ ಬೆರಳಿಟ್ಟದ್ದು
ಮಳಿ ಕುಡದ ಎರಿಹೊಲ.

"ಹಗಲೊತ್ತಿನ್ಯಾಗೂ ಲೈಟ್ ಹಚ್ಚಬೇಕಾಗ್ತದ" ಅಂದ ಅಂಬಾರಾಯ,
"ಹತ್ತು ಫೂಟಿನ ಖೋಲಿ, ಗ್ವಾಡಿ ಎದಿಮ್ಯಾಲ ಬಂದು ಕೂಡ್ತಾವ."
ಟೇಪು ಹಿಡಿದು ಮತ್ತೊಮ್ಮೆ ಅಳೆದ,
ಮಾತು ಕೇಳಿಯೇ ಖೋಲಿ ಸಣ್ಣದಾಗಿರಬಹುದು ಅಂತ.

ಅವಗ ಹ್ಯಾಂಗ ಹೇಳಲಿ.
ರಾತ್ರಿ ಎಂಟರಿಂದ ಮುಂಜಾನಿ ಎಂಟರ ತನಕ
ನಾ ಇರೂದು ಬಿಳಿಯೊಳಗ.
ಬಿಳಿ ಗ್ವಾಡಿ, ಬಿಳಿ ಹಾಸಿಗಿ, ಎಂದೂ ಆರದ ಟ್ಯೂಬ್‌ಲೈಟು,
ಅದರ ಕೆಳಗ ಮಂದಿ ಮುಖಾನೂ ಬಣ್ಣ ಬಿಡ್ತಾವ, ಒಂದೊಂದ.
ಮನಿಗಿ ಬಂದು ಕಣ್ಣು ಮುಚ್ಚಿದರ
ರೆಪ್ಪಿಯ ಒಳಗೂ ಯಾರೋ ಸುಣ್ಣ ಬಳದಿರ್ತಾರ.
ಹೊರಗ ಕಲಬುರಗಿ, ಏಪ್ರಿಲ್,
ಪರದಿ ಸಂದಿನಿಂದ ಫರಸಿಮ್ಯಾಲ ಬಿಸಲಿನ ಗೀಟು.

"ಕಪ್ಪ ಹಚ್ಚಿದರ ಝಳ ಹೆಚ್ಚಾಗ್ತದೇನು?"
ಮಶಾಕಣ್ಣ ನಕ್ಕ. "ಝಳಕ್ಕ ಛತ್ತಿನ ಮ್ಯಾಲ ಸುಣ್ಣ ಹೊಡೀರಿ ಅಕ್ಕಾರ,
ಒಳಗಿಂದು ಕಣ್ಣಿಗಷ್ಟೆ.
ತಿಳಿಬಣ್ಣ ಗ್ವಾಡಿನ ದೂರ ಸರಸ್ತದ, ಮಂದಿ ಬಂದಾಗ ಚಂದ.
ಕಡುಬಣ್ಣ ಹತ್ರ ಕರೀತದ, ಒಬ್ರೇ ಇದ್ದಾಗ ಛಲೋ.
ಆದರ ಮೊದಲೇ ಹೇಳಿರ್ತೀನಿ, ಮೂರು ಕೋಟು ಬೇಕು,
ಧೂಳು ಕಾಣ್ತದ, ಮೊಳಿ ಕಿತ್ತ ತೂತೂ ಕಾಣ್ತದ."

ಎಲ್ಲಾ ಮುಗೀತು ಅನ್ನೂವಾಗ
ಬಾಗಿಲಿಗಿ ಬಂದು ನಿಂತಳು ಚಂದಮ್ಮತ್ತಿ.
ಒಂದು ಕಣ್ಣಿಗಿ ಪೊರಿ,
ಇನ್ನೊಂದರ ಆಪರೇಷನ್ನು ದೀಪಾವಳಿ ಆದಮ್ಯಾಲ.
"ಹಚ್ಚಕೋರವ್ವ, ನಿಮ್ಮ ಖೋಲಿ.
ನೀ ಡೂಟಿಗಿ ಹೋದಮ್ಯಾಲ ಕೂಸು ಅತ್ತರ
ಇಂವ ಡೊಳ್ಳು ಬಾರಿಸಿದರೂ ಏಳಂಗಿಲ್ಲ,
ನಾ ಸ್ವಿಚ್ಚು ಎಲ್ಲಿ ಹುಡುಕಲಿ?"

ಯಾರೂ ಮಾತಾಡಲಿಲ್ಲ.
ಬ್ರಶ್ಶಿನಿಂದ ಎರಡು ಹನಿ, ಹಾಸಿದ ಪೇಪರಿನ ಮ್ಯಾಲ.

ಈಗ ನಾಕೂ ಗ್ವಾಡಿ ಎರಿಹೊಲ.
ಸ್ವಿಚ್ಚಿನ ಸುತ್ತ ಮಾತ್ರ,
ಅತ್ತಿಯ ಅಂಗೈ ಇಡಿಸಿ, ಪೆನ್ಸಿಲಿನ ಗೀಟು ಹಾಕಿ,
ಮಶಾಕಣ್ಣ ಬಿಟ್ಟ ಒಂದು ಚೌಕ ಹಾಲಿನ ಕೆನಿ.
ಅದಕ್ಕ ರೊಕ್ಕ ಹಿಡೀಲಿಲ್ಲ.

ಮುಂಜಾನಿ ಬಂದು ಚಪ್ಪಲಿ ಬಿಡ್ತೀನಿ, ಬಾಗಿಲು ಮುಚ್ತೀನಿ,
ಎರಿಯೊಳಗ ಬಿತ್ತಿದ ಕಾಳಿನಂಗ ಮಲಗ್ತೀನಿ.
ಎದ್ದಾಗ ಮೊದಲು ಕಾಣೂದು ಆ ಚೌಕ.
ರಾತ್ರಿ ಕೂಸು ಎಷ್ಟು ಸಲ ಎದ್ದಿತ್ತು ಅಂತ
ಯಾರನ್ನೂ ಕೇಳಂಗಿಲ್ಲ,
ಅರಿಷಿಣದ ಬೆರಳು ಎಣಿಸ್ತೀನಿ.